ಪೆಟ್ಟಿಗೆ ತೆರೆದರೆ ಚಿಪ್ಪಿನ ಮೇಲೆಲ್ಲ ಬಿಳಿ ಪುಡಿ: ಕ್ರಿಸ್‌ಮಸ್ ಅಲಂಕಾರಗಳಿಗೆ ಏನಾಯಿತು?

ಪ್ರಶ್ನೆ: ಕಡಲ ದಂಡೆಯಲ್ಲಿ ಆರಿಸಿ ತಂದ ಚಿಪ್ಪು, ಶಂಖಗಳಿಂದ ಕಳೆದ ವರ್ಷ ಕ್ರಿಸ್‌ಮಸ್ ಮರಕ್ಕೆ ತೂಗುಹಾಕಲು 18 ಅಲಂಕಾರಗಳನ್ನು ಮಾಡಿದ್ದೆ. ಚಿಪ್ಪುಗಳನ್ನು ಮೊದಲು ಒಂದು ರಾತ್ರಿ ವಿನೆಗರ್ ಬೆರೆಸಿದ ನೀರಿನಲ್ಲಿ, ಮಾರನೆಯ ದಿನ ಬ್ಲೀಚ್‌ನಲ್ಲಿ ನೆನೆಸಿ, ತೊಳೆದು, ಒಂದು ದಿನ ಒಣಗಿಸಿದೆ. ಕೆಲವನ್ನು ಥರ್ಮಾಕೋಲ್ ಚೆಂಡಿಗೆ, ಕೆಲವನ್ನು ಒಂದಕ್ಕೊಂದು ಗ್ಲೂ ಗನ್ನಿನಿಂದ ಅಂಟಿಸಿ ಮೇಲೆ ವಾರ್ನಿಷ್ ಸ್ಪ್ರೇ ಹೊಡೆದೆ. ಹಬ್ಬ ಮುಗಿದ ಮೇಲೆ ಹತ್ತಿ ಹಾಸಿದ ಶೂ ಡಬ್ಬದಲ್ಲಿಟ್ಟು ಅಟ್ಟಕ್ಕೆ ಸೇರಿಸಿದೆ. ಮೊನ್ನೆ ತೆಗೆದು ನೋಡಿದರೆ ಅರ್ಧಕ್ಕರ್ಧ ಚಿಪ್ಪುಗಳ ಮೇಲೆ ಬಿಳಿ ಪುಡಿ, ಡಬ್ಬದೊಳಗೆ ಹುಳಿ ವಾಸನೆ. ಎರಡು ಶಂಖಗಳಂತೂ ಕೊಳೆತ ಮೀನಿನಂತೆ ನಾರುತ್ತಿವೆ. ಐದಾರು ಚಿಪ್ಪು ಕಳಚಿ ಬಿದ್ದಿವೆ, ವಾರ್ನಿಷ್ ಹಳದಿಯಾಗಿದೆ. ಒಬ್ಬರು "ಇದು ಬೂಷ್ಟು, ಹರಡುತ್ತೆ, ಎಲ್ಲಾ ಎಸೆದುಬಿಡಿ" ಎಂದರು. ಇನ್ನೊಬ್ಬರು "ಬ್ಲೀಚ್ ಸಾಲದು, ಎರಡು ದಿನ ನೆನೆಸಬೇಕಿತ್ತು" ಎಂದರು. ಇವನ್ನು ಉಳಿಸಿಕೊಳ್ಳಬಹುದೇ? ಈ ಸಲ ಹೊಸದಾಗಿ 25 ಮಾಡುವ ಆಸೆಯಿದೆ, ಒಂದೂವರೆ ತಿಂಗಳ ಸಮಯವಿದೆ.

ಉತ್ತರ: ಎಸೆಯಬೇಡಿ. ಬೂಷ್ಟೂ ಅಲ್ಲ, ಹರಡುವುದೂ ಇಲ್ಲ. ನೀವು ಹೇಳಿರುವ ತೊಂದರೆಗಳು ಒಂದೇ ರೋಗದ ಲಕ್ಷಣಗಳಂತೆ ಕಂಡರೂ ನಿಜವಾಗಿ ನಾಲ್ಕು ಬೇರೆ ಬೇರೆ ಸಂಗತಿಗಳು. ಬಿಳಿ ಪುಡಿ ಮತ್ತು ಹುಳಿ ವಾಸನೆಯದು ಒಂದು ಕಥೆ. ನಾತ, ಕಳಚಿದ ಅಂಟು, ಹಳದಿಯಾದ ವಾರ್ನಿಷ್ ಇವಕ್ಕೆ ಒಂದೊಂದು ಬೇರೆ ಕಾರಣ. ಬ್ಲೀಚ್ ಸಾಲದೇ ಹೋಯಿತು ಎಂಬ ಮಾತಿನಲ್ಲಿ ಹುರುಳಿಲ್ಲ. ನಿಮ್ಮ ಚಿಪ್ಪುಗಳಿಗೆ ಬ್ಲೀಚ್‌ಗಿಂತ ಹೆಚ್ಚು ಕೆಡುಕು ಮಾಡಿದ್ದು ಅದಕ್ಕೂ ಮೊದಲಿನ ರಾತ್ರಿಯ ವಿನೆಗರ್, ಆಮೇಲಿನ ಸುಮಾರು ಹತ್ತು ತಿಂಗಳು ಆ ರಟ್ಟಿನ ಡಬ್ಬ.

ಚಿಪ್ಪು ಎಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲು ಯಾವ ಪದಾರ್ಥವೋ ಅದೇ. ಅದರ ಪದರಗಳ ನಡುವೆ ಗಾರೆಯ ಹಾಗೆ ಅಲ್ಪ ಪ್ರಮಾಣದಲ್ಲಿ ಪ್ರೋಟೀನ್ ಇರುತ್ತದೆ. ಚಿಪ್ಪಿನ ಹೊರಮೈಗೆ ಅಂಟಿಕೊಂಡ ಕಂದು ಬಣ್ಣದ, ಒಣಗಿದರೆ ಸಿಪ್ಪೆಯಂತೆ ಏಳುವ ಪೊರೆಯೂ ಪ್ರೋಟೀನೇ. ಆಮ್ಲ ಏನಿದ್ದರೂ ಸುಣ್ಣವನ್ನು ತಿನ್ನುತ್ತದೆ, ಬ್ಲೀಚ್ ಪ್ರೋಟೀನನ್ನು ತಿನ್ನುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮನೆಯಲ್ಲಿ ಬಳಸುವ ವಿನೆಗರ್‌ನಲ್ಲಿ ಸುಮಾರು ಶೇ. 5ರಷ್ಟು ಅಸಿಟಿಕ್ ಆಮ್ಲ ಇರುತ್ತದೆ. 100 ಮಿ.ಲೀ. ವಿನೆಗರ್ ತನ್ನ ಶಕ್ತಿ ಪೂರ್ತಿ ಮುಗಿಯುವವರೆಗೆ ಸುಮಾರು 4 ಗ್ರಾಂ ಚಿಪ್ಪನ್ನು ಕರಗಿಸಬಲ್ಲದು. ತೆಳುವಾದ ಒಂದೆರಡು ಪುಟ್ಟ ಚಿಪ್ಪುಗಳು ಹೇಳಹೆಸರಿಲ್ಲದಂತೆ ಹೋಗುವಷ್ಟು ಅದು. ಚಿಪ್ಪಿನ ಮೇಲೆ ಏಳುವ ಗುಳ್ಳೆಗಳನ್ನು ನೋಡಿ "ಕೊಳೆ ಹೋಗುತ್ತಿದೆ" ಎಂದು ಸಂತೋಷಪಡುವವರು ಬಹಳ. ಹೋಗುತ್ತಿರುವುದು ಚಿಪ್ಪೇ. ಗುಳ್ಳೆಯಾಗಿ ಏಳುವುದು ಅದರಿಂದ ಹೊರಟ ಇಂಗಾಲದ ಡೈಆಕ್ಸೈಡ್. ಒಂದು ರಾತ್ರಿ ನೆನೆಸಿದ ಮೇಲೆ ಮೇಲ್ಪದರ ಸೀಮೆಸುಣ್ಣದಂತಾಗುತ್ತದೆ, ಬೆರಳಿಗೆ ಅಂಟುತ್ತದೆ, ಬಣ್ಣದ ಗೆರೆಗಳು ಮಸುಕಾಗುತ್ತವೆ. ಜೊತೆಗೆ ಸುಣ್ಣವೂ ಆಮ್ಲವೂ ಸೇರಿ ಹುಟ್ಟಿದ ಕ್ಯಾಲ್ಸಿಯಂ ಅಸಿಟೇಟ್ ಎಂಬ ಲವಣ ಚಿಪ್ಪಿನ ಸೂಕ್ಷ್ಮ ರಂಧ್ರಗಳಲ್ಲಿ ಕುಳಿತುಬಿಡುತ್ತದೆ. ನಲ್ಲಿಯ ಕೆಳಗೆ ಎರಡು ನಿಮಿಷ ಹಿಡಿದರೆ ಅದು ಹೋಗುವುದಿಲ್ಲ.

ವಿನೆಗರ್ ಆದ ಮೇಲೆ ಬ್ಲೀಚ್‌ಗೆ ಹಾಕಿದ ಬಗ್ಗೆ ಒಂದು ಎಚ್ಚರಿಕೆ. ಬ್ಲೀಚ್‌ಗೆ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಸ್ವಲ್ಪವೇ ಹೊರಟರೂ ಗಂಟಲು, ಶ್ವಾಸಕೋಶ ಉರಿಸುತ್ತದೆ. ಒಂದೇ ಬಕೆಟ್ಟನ್ನು ಎರಡಕ್ಕೂ ಬಳಸುವುದೂ ಬೇಡ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬ್ಲೀಚ್ ಸೇರಬಾರದು.

ಈಗ ಡಬ್ಬದ ವಿಚಾರ. ರಟ್ಟು, ಪ್ಲೈವುಡ್, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ, ಓಕ್‌ನಂಥ ಮರ ಇವೆಲ್ಲ ಬಹಳ ನಿಧಾನವಾಗಿ ಅಸಿಟಿಕ್ ಮತ್ತು ಫಾರ್ಮಿಕ್ ಆಮ್ಲದ ಆವಿಯನ್ನು ಬಿಡುತ್ತಿರುತ್ತವೆ. ಗಾಳಿಯಾಡುವ ಕೋಣೆಯಲ್ಲಿ ಅದು ಲೆಕ್ಕಕ್ಕಿಲ್ಲ. ಮುಚ್ಚಿದ ಡಬ್ಬ, ಬಿಸಿಯಾಗುವ ಅಟ್ಟ, ತೇವ ಹಿಡಿದಿಟ್ಟುಕೊಳ್ಳುವ ಹತ್ತಿ ಮೂರೂ ಸೇರಿದರೆ ಆವಿ ಚಿಪ್ಪಿನ ಮೇಲಿನ ತೇವದಲ್ಲಿ ಕರಗಿ ಅಲ್ಲೇ ಹೊಸ ಲವಣ ಬೆಳೆಯುತ್ತದೆ. ನೀವು ಕಂಡ ಪುಡಿ ಬಹುಪಾಲು ಅದೇ. ಡಬ್ಬದಿಂದ ಬಂದ ಹುಳಿ ವಾಸನೆಯೂ ಅದಕ್ಕೇ ಸಾಕ್ಷಿ.

"ಹರಡುತ್ತೆ" ಎಂದವರನ್ನು ತೀರಾ ದೂರುವಂತಿಲ್ಲ. ಚಿಪ್ಪು ಸಂಗ್ರಾಹಕರನ್ನು ಇದೇ ಅನುಮಾನ ಬಹಳ ಕಾಲ ಕಾಡಿತ್ತು. ಕಪಾಟಿನಲ್ಲಿಟ್ಟ ಚಿಪ್ಪುಗಳು ಹೀಗೆ ಪುಡಿಯಾಗುವುದನ್ನು 1899ರಲ್ಲಿ ವಿವರಿಸಿದ ಇಂಗ್ಲೆಂಡಿನ ಲಾಫ್ಟಸ್ ಸೇಂಟ್ ಜಾರ್ಜ್ ಬೈನ್, ಇದು ಬ್ಯಾಕ್ಟೀರಿಯಾದ ಕೆಲಸ ಎಂದೇ ನಂಬಿದ್ದರು. ಅದಕ್ಕೇ ಇವತ್ತಿಗೂ ಇದನ್ನು 'ಬೈನ್ ರೋಗ' ಎನ್ನುತ್ತಾರೆ. 1934ರಲ್ಲಿ ಓಕ್ ಮರದ ಕಪಾಟಿನ ಚಿಪ್ಪುಗಳನ್ನು ಪರೀಕ್ಷಿಸಿದಾಗ ಕಳ್ಳ ಮರದ ಆಮ್ಲ ಎಂಬುದು ಗೊತ್ತಾಯಿತು. ರೋಗವಲ್ಲ, ರಾಸಾಯನಿಕ ಕ್ರಿಯೆ. ಒಂದೇ ಡಬ್ಬದಲ್ಲಿರುವ ಚಿಪ್ಪುಗಳೆಲ್ಲ ಒಂದೇ ಗಾಳಿಯನ್ನು ಕುಡಿಯುವುದರಿಂದ ಒಂದರಿಂದ ಇನ್ನೊಂದಕ್ಕೆ ಅಂಟಿದಂತೆ ಕಾಣುತ್ತದೆ, ಅಷ್ಟೆ.

ಆದರೆ ಬಿಳಿ ಕಂಡದ್ದೆಲ್ಲ ಇದೇ ಎಂದುಕೊಳ್ಳಬೇಡಿ. ಒಂದು ಭೂತಗನ್ನಡಿ, ಕಿವಿ ಒರೆಸುವ ಹತ್ತಿಕಡ್ಡಿ, ಸ್ವಲ್ಪ ನೀರು ಇಟ್ಟುಕೊಂಡು ಒಂದೊಂದೇ ಅಲಂಕಾರವನ್ನು ಬೆಳಕಿಗೆ ಹಿಡಿದು ನೋಡಿ. ಮಿನುಗುವ, ಮೂಲೆಮೂಲೆಯಾದ ಪುಟ್ಟ ಹರಳುಗಳಿದ್ದರೆ ಅದು ಕಡಲ ಉಪ್ಪು. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರೊಡೆಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಚಿಪ್ಪು ಬೆವರಿದಂತಾಗಿ ಒಣಹವೆಯಲ್ಲಿ ಮತ್ತೆ ಬೆಳ್ಳಗಾಗುತ್ತದೆ. ಒದ್ದೆ ಹತ್ತಿಕಡ್ಡಿಯಿಂದ ಒರೆಸಿದರೆ ಅಡಿಯಲ್ಲಿ ಹೊಳಪು ಹಾಗೇ ಇರುತ್ತದೆ. ಸೂಜಿಯಂಥ ನವಿರಾದ ಎಳೆ, ಅಥವಾ ಹಿಟ್ಟು ಉದುರಿಸಿದಂಥ ಪುಡಿ, ಒರೆಸಿದ ಮೇಲೆ ಕೆಳಗೆ ಹೊಳಪು ಸತ್ತು ಸಣ್ಣ ಸಣ್ಣ ಗುಳಿ: ಇದು ಆಮ್ಲದ ಕೆಲಸ. ಅಂಟಿನ ಸುತ್ತ ಮಾತ್ರ ಮಂಜು ಕವಿದಂತಿದ್ದು ನೀರಿಗೆ ಕರಗದಿದ್ದರೆ ಅದು ಸೂಪರ್‌ಗ್ಲೂ ಆವಿಯ ಕಲೆ, ಗ್ಲೂ ಗನ್ ಬಳಸಿದ ನಿಮಗೆ ಅದರ ಪ್ರಶ್ನೆಯಿಲ್ಲ. ವಾರ್ನಿಷ್ಷೇ ಹಾಲಿನಂತೆ ಬೆಳ್ಳಗಾಗಿದ್ದರೆ ತೇವದ ಹವೆಯಲ್ಲಿ ಸ್ಪ್ರೇ ಹೊಡೆದದ್ದರ ಫಲ. ಇನ್ನು ನಿಜವಾದ ಬೂಷ್ಟು ಸುಣ್ಣವನ್ನು ತಿಂದು ಬದುಕಲಾರದು. ದಾರ, ಹತ್ತಿ, ಒಳಗೆ ಉಳಿದ ಮಾಂಸದ ಮೇಲೆ ಬೂದು ಅಥವಾ ಹಸಿರು ಚುಕ್ಕೆಗಳಾಗಿ ಬೆಳೆಯುತ್ತದೆ.

ಹಳೆಯವುಗಳಿಗೆ ಈಗ ಏನು ಮಾಡಬಹುದು? ಮೊದಲು ಆ ಡಬ್ಬವನ್ನೂ ಹತ್ತಿಯನ್ನೂ ಬೇರೆ ಮಾಡಿ. ಬಿಡಿಯಾಗಿ ಬಿದ್ದ ಚಿಪ್ಪುಗಳನ್ನು ಸಾದಾ ನೀರಿನಲ್ಲಿ 24 ಗಂಟೆ, ನಡುವೆ ಮೂರು ಸಲ ನೀರು ಬದಲಿಸಿ ನೆನೆಸಿ. ಈ ಲವಣಗಳು ನೀರಿಗೆ ಕರಗುತ್ತವೆ. ಆಮೇಲೆ ಪೂರ್ತಿ ಒಣಗಿಸಿ. ಅಂಟಿಸಿದ ಅಲಂಕಾರಗಳನ್ನು ಮುಳುಗಿಸಬೇಡಿ. ಮೆತ್ತನೆಯ ಬಣ್ಣದ ಕುಂಚದಿಂದ ಪುಡಿ ಉದುರಿಸಿ, ಒದ್ದೆ ಹತ್ತಿಕಡ್ಡಿ ಉರುಳಿಸುತ್ತಾ ಒರೆಸಿ, ಫ್ಯಾನಿನಡಿ ಎರಡು ದಿನ ಬಿಡಿ. ಒರೆಸುವಾಗ ಉಜ್ಜಬೇಡಿ, ಸತ್ತ ಮೇಲ್ಪದರ ಚಕ್ಕೆ ಏಳುತ್ತದೆ. ಗುಳಿ ಬಿದ್ದ ಜಾಗ ಮತ್ತೆ ತುಂಬುವುದಿಲ್ಲ, ಸತ್ತ ಹೊಳಪು ಬರುವುದಿಲ್ಲ. ಅಂಥವನ್ನು ಬಿಳಿ ಅಥವಾ ಬಂಗಾರದ ಬಣ್ಣ ಬಳಿಯಲು ಇಟ್ಟುಕೊಳ್ಳಿ. ಸಣ್ಣ ಗುಳಿಗಳಿರುವ ಮೈಗೆ ಅಕ್ರಿಲಿಕ್ ಬಣ್ಣ ನಯವಾದ ಚಿಪ್ಪಿಗಿಂತ ಚೆನ್ನಾಗಿ ಹಿಡಿಯುತ್ತದೆ. ಮುಟ್ಟಿದರೆ ಪುಡಿಯಾಗುವಷ್ಟು ದುರ್ಬಲವಾದ ಚಿಪ್ಪಿಗೆ ವಸ್ತುಸಂಗ್ರಹಾಲಯಗಳ ಸಂರಕ್ಷಕರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಅಸಿಟೋನ್‌ನಲ್ಲಿ ಶೇ. 5ರಷ್ಟು ಕರಗಿಸಿ ಕುಂಚದಲ್ಲಿ ಹಚ್ಚಬಹುದು. ಅದು ಹಳದಿಯಾಗದು, ಬೇಡವೆಂದರೆ ಅಸಿಟೋನ್‌ನಲ್ಲೇ ತೆಗೆಯಬಹುದು. ಆದರೆ ಥರ್ಮಾಕೋಲ್ ಚೆಂಡಿನ ಹತ್ತಿರಕ್ಕೂ ಅಸಿಟೋನ್ ಒಯ್ಯಬೇಡಿ. ಒಂದು ಹನಿ ಬಿದ್ದಲ್ಲಿ ಹಳ್ಳ ಬೀಳುತ್ತದೆ.

ನಾರುವ ಎರಡು ಶಂಖಗಳ ಕಾರಣ ಸರಳ. ಎರಡು ದಳದ ಕಪ್ಪೆಚಿಪ್ಪಿನಲ್ಲಿ ಅಡಗಲು ಜಾಗವಿಲ್ಲ, ಶಂಖದ ಸುರುಳಿಯ ತುದಿಯಲ್ಲಿ ಇದೆ. ಪ್ರಾಣಿ ಸತ್ತ ಮೇಲೂ ಅದರ ಬಾಲದ ತುಂಡು ಅಲ್ಲಿ ಸಿಕ್ಕಿಕೊಂಡಿರುತ್ತದೆ, ಒಣಗಿದಾಗ ಸುಮ್ಮನಿದ್ದು ತೇವ ತಗುಲಿದಾಗ ಕೊಳೆಯಲು ತೊಡಗುತ್ತದೆ. ಸುಗಂಧದ ಎಣ್ಣೆ ಬಿಡುವುದು, ಬಾಯಿಯನ್ನು ಅಂಟಿನಿಂದ ಮುಚ್ಚಿಬಿಡುವುದು ಇವೆಲ್ಲ ವ್ಯರ್ಥ. ಶಂಖವನ್ನು ಬಾಯಿ ಮೇಲಾಗಿ ಮರಳಿನ ಬಟ್ಟಲಿನಲ್ಲಿ ನಿಲ್ಲಿಸಿ, ಔಷಧಿ ಅಂಗಡಿಯ ಶೇ. 3ರ ಹೈಡ್ರೋಜನ್ ಪೆರಾಕ್ಸೈಡನ್ನು ಡ್ರಾಪರ್‌ನಿಂದ ತುಂಬಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಜೋರಾಗಿ ಕುಲುಕಿ ಚೆಲ್ಲಿ, ನೀರು ಚಿಮ್ಮಿಸಿ ತೊಳೆಯಿರಿ. ಎರಡು ಮೂರು ಸರತಿ ಬೇಕಾಗಬಹುದು. ಹೊರಬರುವ ನೊರೆ ಕಂದಾಗಿರುವವರೆಗೆ ಒಳಗೆ ಇನ್ನೂ ಏನೋ ಉಳಿದಿದೆ ಎಂದೇ ಅರ್ಥ.

ಕಳಚಿದ ಚಿಪ್ಪುಗಳ ಮಟ್ಟಿಗೆ ಉಳಿದ ಅಂಟಿನ ಗುರುತನ್ನೇ ಓದಬೇಕು. ಚಿಪ್ಪು ಬಿದ್ದ ಜಾಗದಲ್ಲಿ ಅಂಟು ಹಾಗೇ ಉಳಿದು ಅದರ ಮೇಲೆ ಬಿಳಿ ಪುಡಿಯ ತೆಳು ಪದರ ಅಂಟಿಕೊಂಡಿದ್ದರೆ, ಅಂಟು ಹಿಡಿದದ್ದು ಚಿಪ್ಪನ್ನಲ್ಲ, ವಿನೆಗರ್ ಮಾಡಿಟ್ಟ ಸೀಮೆಸುಣ್ಣವನ್ನು. ಅಂಟಿನ ಮೇಲೆ ಚಿಪ್ಪಿನ ಅಚ್ಚು ಕನ್ನಡಿಯಂತೆ ನುಣ್ಣಗೆ ಮೂಡಿದ್ದರೆ ಮೈ ತೀರಾ ನಯವಾಗಿತ್ತು, ಅಥವಾ ಎಣ್ಣೆ ಪಸೆಯಿತ್ತು, ಇಲ್ಲವೇ ತಣ್ಣಗಿನ ಚಿಪ್ಪು ತಾಗಿದೊಡನೆ ಬಿಸಿ ಅಂಟು ಗಟ್ಟಿಯಾಗಿ ಹರಡಲೇ ಇಲ್ಲ. ಅಂಟು ನಡುವೆಯೇ ಎಳೆಎಳೆಯಾಗಿ ಹರಿದಿದ್ದರೆ ಸೆಕೆಗೆ ಮೆತ್ತಗಾಗಿದೆ. ಗ್ಲೂ ಗನ್ನಿನ ಅಂಟು ಕರಗಿಸಿ ಹಚ್ಚುವ ಪ್ಲಾಸ್ಟಿಕ್, ಬಿಸಿಲಿಗೆ ಕಾದ ಅಟ್ಟದಲ್ಲಿ ಪೂರ್ತಿ ಕರಗದಿದ್ದರೂ ಭಾರಕ್ಕೆ ಜಾರುವಷ್ಟು ಸಡಿಲವಾಗುತ್ತದೆ. ಅಂಟಿನ ಜೊತೆ ಥರ್ಮಾಕೋಲಿನ ಗುಂಡುಗಳೂ ಕಿತ್ತು ಬಂದಿದ್ದರೆ ದೋಷ ಅಂಟಿನದ್ದಲ್ಲ, ಚೆಂಡಿನದು.

ಒಂದು ಹಬ್ಬಕ್ಕೆ ಸಾಕು ಎನ್ನುವವರಿಗೆ ಗ್ಲೂ ಗನ್ ಬೇಡವೆನ್ನುವುದಿಲ್ಲ. ವರ್ಷ ವರ್ಷ ತೆಗೆದಿಡುವ ಅಲಂಕಾರಕ್ಕೆ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಐದು ನಿಮಿಷದ ಎಪಾಕ್ಸಿ ಬೇಗ ಹಿಡಿಯುತ್ತದೆ, ನಿಧಾನವಾಗಿ ಗಟ್ಟಿಯಾಗುವುದು ಹೆಚ್ಚು ಬಲ. ಯಾವುದೇ ಆದರೂ ಅದರ ಎರಡು ಟ್ಯೂಬುಗಳಿಂದ ಸಮಪ್ರಮಾಣದಲ್ಲಿ ಹಿಂಡಿ ಪೂರ್ತಿ ಒಂದು ನಿಮಿಷ ಕಲಸಿ. ಅಂದಾಜಿನಲ್ಲಿ ಒಂದು ಭಾಗ ಹೆಚ್ಚು ಬಿದ್ದರೆ ಎಂದೆಂದಿಗೂ ಜಿಗುಟು. ಚಿಪ್ಪಿನ ಬಾಗಿದ ಮೈಗಳು ಒಂದು ಚುಕ್ಕೆಯಲ್ಲಷ್ಟೇ ತಾಗುವುದರಿಂದ ತೆಳುವಾದ ಅಂಟಿಗೆ ಹಿಡಿಯಲು ಜಾಗವಿಲ್ಲ. ಅಲ್ಲಿ ಹಿಟ್ಟಿನಂತೆ ನಾದುವ ಎಪಾಕ್ಸಿ ಪುಟ್ಟಿಯನ್ನು ಬಟಾಣಿ ಗಾತ್ರ ಇಟ್ಟು ಒತ್ತಿದರೆ ಸಂದು ತುಂಬಿ ಕೂರುತ್ತದೆ. ಅಂಟಿಸುವ ಚುಕ್ಕೆಯನ್ನು 120ರ ಸ್ಯಾಂಡ್‌ಪೇಪರಿನಲ್ಲಿ ಐದಾರು ಸಲ ಉಜ್ಜಿ ಒರಟಾಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸುವುದನ್ನು ಮಾತ್ರ ಬಿಡಬೇಡಿ. ಒಂದು ಚಿಪ್ಪಿಗೆ ಅರ್ಧ ನಿಮಿಷ ಹಿಡಿಯುವ ಈ ಕೆಲಸ ಯಾವ ದುಬಾರಿ ಅಂಟಿಗಿಂತ ಹೆಚ್ಚು ಫಲ ಕೊಡುತ್ತದೆ. ಬಚ್ಚಲು ಮನೆಯ ಸಂದು ಮುಚ್ಚಲು ಬಳಸುವ, ಹಚ್ಚುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ. ಗಟ್ಟಿಯಾಗುವಾಗ ಅದು ಬಿಡುವುದು ಅಸಿಟಿಕ್ ಆಮ್ಲವನ್ನೇ.

ವಾರ್ನಿಷ್ ಹಳದಿಯಾದದ್ದಕ್ಕೆ ಈಗ ಏನೂ ಮಾಡಲಾಗದು. ಎಣ್ಣೆ ಆಧಾರದ ವಾರ್ನಿಷ್, ಪಾಲಿಯುರೆಥೇನ್, ಉಗುರುಬಣ್ಣ ಎಲ್ಲವೂ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತವೆ. ಹೊಳಪುಳ್ಳ ಚಿಪ್ಪಿಗೆ ವಾರ್ನಿಷ್ ಹಚ್ಚುವ ಅಭ್ಯಾಸವೇ ನನಗೆ ಹಿಡಿಸದು. ಅದರ ಸ್ವಂತ ಹೊಳಪಿನ ಮೇಲೆ ಪ್ಲಾಸ್ಟಿಕ್ ಹೊದಿಸಿದಂತೆ. ವಾರ್ನಿಷ್ ಹೊಡೆದರೆ ಪುಡಿಯೇಳುವುದಿಲ್ಲ ಎಂಬುದೂ ಹುಸಿ ನಂಬಿಕೆ. ಒಳಗೆ ಉಪ್ಪು, ತೇವ ಉಳಿದಿದ್ದರೆ ಹರಳು ಬೆಳೆದು ಪೊರೆಯನ್ನೇ ಎತ್ತಿ ಬಿಸಾಡುತ್ತದೆ. ಬಣ್ಣ ಕಳೆಗುಂದಿದವಕ್ಕೆ ಒಂದು ಹನಿ ಮಿನರಲ್ ಎಣ್ಣೆಯನ್ನು ಬಟ್ಟೆಯಲ್ಲಿ ಸವರಿದರೆ ಸಾಕು, ಅಂಟಿಸುವ ಕೆಲಸವೆಲ್ಲ ಮುಗಿದ ಮೇಲೆ. ಅಡುಗೆ ಎಣ್ಣೆ ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ. ಬಣ್ಣ ಬಳಿದವಕ್ಕೆ ಮಾತ್ರ ಪಾರದರ್ಶಕ ಅಕ್ರಿಲಿಕ್ ಸ್ಪ್ರೇ, ಒಣ ಹವೆಯ ದಿನ, ಒಂದಡಿ ದೂರದಿಂದ, ತೆಳುವಾಗಿ ಎರಡು ಸಲ.

ಇನ್ನು ಹೊಸ 25ಕ್ಕೆ ಬರೋಣ. ಆರಿಸುವಾಗ ಮುಚ್ಚಿಕೊಂಡಿರುವ ಕಪ್ಪೆಚಿಪ್ಪು, ಬಾಯಿಗೆ ಮುಚ್ಚಳವಿರುವ ಶಂಖ, ಒಳಗೆ ಕಾಲು ಮಿಸುಕಾಡುವ ಏಡಿ ಇದ್ದರೆ ಅಲ್ಲೇ ಬಿಡಿ. ಕೋನ್ ಆಕಾರದ, ಚಿತ್ತಾರವಿರುವ ಶಂಖ ಜೀವಂತವಿದ್ದರೆ ಮುಟ್ಟಲೇ ಬಾರದು, ಅದು ವಿಷದ ಮುಳ್ಳು ಹೊಡೆಯುತ್ತದೆ, ಕೆಲವು ಜಾತಿಯದು ಪ್ರಾಣಾಂತಿಕ. ನಕ್ಷತ್ರಮೀನು ಚಿಪ್ಪಲ್ಲ, ಒಣಗಿದ ಪ್ರಾಣಿ; ತೇವಕ್ಕೆ ಮೆತ್ತಗಾಗಿ ನಾರುತ್ತದೆ, ಅಲಂಕಾರಕ್ಕೆ ನಾನು ಸೂಚಿಸುವುದಿಲ್ಲ. ದೇಶದಿಂದ ದೇಶಕ್ಕೆ ಒಯ್ಯುವವರು ಇನ್ನೊಂದನ್ನು ಗಮನಿಸಬೇಕು. ದೈತ್ಯ ಕಪ್ಪೆಚಿಪ್ಪು, 1992ರಿಂದ ಕ್ವೀನ್ ಕಾಂಕ್ ಎಂಬ ದೊಡ್ಡ ಗುಲಾಬಿ ಶಂಖ, 2017ರಿಂದ ನಾಟಿಲಸ್ ಎಂಬ ಸುರುಳಿ ಚಿಪ್ಪು ಇವು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಸ್ಥಳೀಯ ನಿಯಮಗಳು ಇದಕ್ಕೂ ಬಿಗಿಯಾಗಿರಬಹುದು.

ಶುಚಿ ಮಾಡಲು ಮೊದಲು ಹಳೆಯ ಟೂತ್‌ಬ್ರಷ್ ಮತ್ತು ಪಾತ್ರೆ ತೊಳೆಯುವ ಸೋಪು. ಅಂಟಿಕೊಂಡ ಗಟ್ಟಿ ಸುಣ್ಣದ ಗಂಟುಗಳನ್ನು ಚೂಪು ಕಡ್ಡಿಯಿಂದ ಎಬ್ಬಿಸಿ, ಆಮ್ಲದಿಂದಲ್ಲ. ಪಾಚಿ, ಕಂದು ಪೊರೆ ಇದ್ದವನ್ನಷ್ಟೇ ಒಂದು ಪಾಲು ಬ್ಲೀಚ್‌ಗೆ ನಾಲ್ಕು ಪಾಲು ನೀರು ಬೆರೆಸಿ ಅರ್ಧ ಗಂಟೆ ಹಾಕಿ, ನೋಡಿ, ಬೇಕಿದ್ದರೆ ಇನ್ನರ್ಧ ಗಂಟೆ. ಬ್ಲೀಚ್ ಚಿಪ್ಪನ್ನು ಬೆಳ್ಳಗೆ ಮಾಡುವ ಮದ್ದಲ್ಲ. ದಿನಗಟ್ಟಲೆ ಬಿಟ್ಟರೆ ಪದರಗಳ ನಡುವಿನ ಗಾರೆಯನ್ನೂ ತಿಂದು, ಮುತ್ತಿನ ಹೊಳಪಿನ ಒಳಮೈಯನ್ನು ಸುಲಿಯುತ್ತದೆ. ಕುದಿಯುವ ನೀರಿಗೆ ಚಿಪ್ಪು ಸುರಿಯುವುದೂ ಬೇಡ, ಕವಡೆಯಂಥ ಗಾಜಿನ ಹೊಳಪಿನವು ಸೂಕ್ಷ್ಮವಾಗಿ ಬಿರುಕುಬಿಡುತ್ತವೆ.

ಆಮೇಲಿನ ನೆನೆಸುವಿಕೆಯೇ ಮುಖ್ಯ, ಅವಸರದಲ್ಲಿ ಎಲ್ಲರೂ ಬಿಡುವುದೂ ಅದನ್ನೇ. ಕಪ್ಪೆಚಿಪ್ಪಿಗೆ ಒಂದು ದಿನ, ಶಂಖಗಳಿಗೆ ಮೂರು ದಿನ ಸಾದಾ ನೀರು, ಬೆಳಿಗ್ಗೆ ಸಂಜೆ ಬದಲಿಸುತ್ತಾ. ಉಪ್ಪು, ಬ್ಲೀಚ್ ಎರಡೂ ಆಗಲೇ ಹೊರಬರುವುದು. ಒಣಗಿಸುವಾಗ ಶಂಖದ ಬಾಯಿ ಕೆಳಗಿರಲಿ, ನೆರಳಿನಲ್ಲಿರಲಿ. ಬಿಸಿಲು ಬಣ್ಣ ಹೀರುತ್ತದೆ. "ಒಣಗಿದೆ" ಎಂದು ಕೈಗೆ ತಿಳಿಯುವುದಿಲ್ಲ. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ಒಂದು ತಟ್ಟೆ ಶಂಖಗಳನ್ನು ತೂಗಿ ಬರೆದಿಡಿ. ಎರಡು ದಿನ ಒಂದೇ ತೂಕ ತೋರಿದರೆ ಒಣಗಿದೆ. ಕಪ್ಪೆಚಿಪ್ಪಿಗೆ ಒಂದೆರಡು ದಿನ ಸಾಕಾದರೆ ಶಂಖಕ್ಕೆ ವಾರವೂ ಹಿಡಿಯಬಹುದು.

ತೂತು ಕೊರೆಯಲು ಹೆದರುವವರಿಗೆ ಒಂದು ಸುಲಭ ದಾರಿಯಿದೆ. ಕಪ್ಪೆಚಿಪ್ಪಿನ ಬೆನ್ನಿನ ಮೇಲೆ, ಕೀಲಿನ ಪಕ್ಕ ಗೂನಿನಂತೆ ಉಬ್ಬಿದ ಭಾಗವನ್ನು ಒದ್ದೆ ಮಾಡಿದ ಒರಟು ವಾಟರ್‌ಪೇಪರಿನ ಮೇಲೆ ಗುಂಡಗೆ ಉಜ್ಜುತ್ತಾ ಹೋಗಿ. ಗೂನು ಚಪ್ಪಟೆಯಾಗಿ, ಮೊದಲು ಸಾಸಿವೆಯಷ್ಟು ಕಪ್ಪು ಚುಕ್ಕೆ, ಆಮೇಲೆ ದಾರ ತೂರುವಷ್ಟು ತೂತು ತಾನೇ ತೆರೆದುಕೊಳ್ಳುತ್ತದೆ. ಒಡೆಯುವ ಭಯವಿಲ್ಲ. ದಂಡೆಯಲ್ಲೇ ಕೆಲವು ಚಿಪ್ಪುಗಳು ಅಚ್ಚುಕಟ್ಟಾದ, ಅಂಚು ಇಳಿಜಾರಾದ ದುಂಡು ತೂತಿನೊಂದಿಗೆ ಸಿಗುತ್ತವೆ. ಅದು ಇನ್ನೊಂದು ಬಗೆಯ ಮಾಂಸಾಹಾರಿ ಶಂಖದ ಹುಳು ಕೊರೆದು ಒಳಗಿನದನ್ನು ತಿಂದ ಗುರುತು. ಅಂಥವನ್ನು ಬೇರೆ ಎತ್ತಿಡಿ, ಅರ್ಧ ಕೆಲಸ ಅದೇ ಮುಗಿಸಿಕೊಟ್ಟಿರುತ್ತದೆ.

ಯಂತ್ರದಲ್ಲೇ ಕೊರೆಯುವುದಾದರೆ 1.5 ಮಿ.ಮೀ.ನ ವಜ್ರದ ಪುಡಿ ಲೇಪಿಸಿದ ಬಿಟ್, ಬ್ಯಾಟರಿಯ ಪುಟ್ಟ ಡ್ರಿಲ್, ಕಡಿಮೆ ವೇಗ. ವೈರಿನ ಡ್ರಿಲ್ಲನ್ನು ನೀರಿನ ಹತ್ತಿರ ತರಬೇಡಿ. ಚಕ್ಕೆ ಏಳುವುದು ಬಿಟ್ ಹೊರಬರುವ ಕಡೆ. ಅದಕ್ಕೇ ಚೆಂದ ಕಾಣಬೇಕಾದ ಹೊರಮೈಯಿಂದ ಶುರುಮಾಡಿ, ಒಳಗಡೆಗೆ ಜೇಡಿಮಣ್ಣಿನ ಉಂಡೆ ಒತ್ತಿ ಆಸರೆ ಕೊಡಿ. ಬಿಟ್ ಜಾರದಂತೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ. ಅಂಚಿನಿಂದ ಕನಿಷ್ಠ 3 ಮಿ.ಮೀ. ಒಳಗಿರಲಿ. ಹನಿ ನೀರು ಬಿಡುತ್ತಾ, ಒತ್ತದೆ, ಎರಡು ಮೂರು ಸೆಕೆಂಡಿಗೊಮ್ಮೆ ಎತ್ತುತ್ತಾ ಕೊರೆಯಿರಿ. ನೀರು ಹಾಲಿನಂತಾಗುತ್ತಿದ್ದರೆ ಕೊರೆತ ಸರಿಯಾಗಿದೆ. ಸುಟ್ಟ ಕೂದಲಿನ ವಾಸನೆ ಬಂದರೆ ನೀರು ಸಾಲದು, ಪ್ರೋಟೀನ್ ಸುಡುತ್ತಿದೆ. ಚಿಪ್ಪಿನ ದೂಳು ವಿಷವೆಂದು ಬೆದರಿಸುವವರಿದ್ದಾರೆ. ವಿಷವಲ್ಲ, ಆದರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆಸ್ತಮಾ ಇದ್ದವರಿಗೆ ಇನ್ನೂ ಕೆಟ್ಟದು. ಎನ್‌95 ಮಾಸ್ಕ್, ಕನ್ನಡಕ ಹಾಕಿಕೊಂಡೇ ಕೂರಿ. ತೂಗುಹಾಕಲು ಕಬ್ಬಿಣದ ತಂತಿ ತುಕ್ಕಿನ ಕಲೆ ಬಿಡುತ್ತದೆ, ತಾಮ್ರ, ಹಿತ್ತಾಳೆ ಹಸಿರಾಗುತ್ತವೆ. ನೈಲಾನ್ ದಾರ ಅಥವಾ ಸ್ಟೇನ್‌ಲೆಸ್ ತಂತಿ ಇರಲಿ.

ಕಡಿಮೆ ಚಿಪ್ಪಿನಲ್ಲಿ ಹೆಚ್ಚು ಸೊಗಸು ಬೇಕೆಂದರೆ ನಕ್ಷತ್ರ ಮಾಡಿ. ಉದ್ದನೆಯ ಮೊಳೆಯಂಥ ಟರಿಟೆಲ್ಲಾ ಶಂಖ 4ರಿಂದ 5 ಸೆಂ.ಮೀ.ನವು ಆರು, ಅದರರ್ಧ ಉದ್ದದವು ಆರು, ನಡುವಿಗೆ ಗುಂಡಿಯಂಥ ಒಂದು ಚಿಪ್ಪು. ತಳಕ್ಕೆ 2 ಮಿ.ಮೀ. ದಪ್ಪದ ಅಕ್ರಿಲಿಕ್ ಹಾಳೆಯಲ್ಲಿ 3 ಸೆಂ.ಮೀ. ಅಗಲದ ಬಿಲ್ಲೆ (ರಟ್ಟು, ಪ್ಲೈವುಡ್ ಯಾಕೆ ಬೇಡವೆಂದು ಈಗ ಹೇಳಬೇಕಿಲ್ಲ). ಬಿಲ್ಲೆಯ ಅಂಚಿನಲ್ಲಿ ಮೊದಲೇ ತೂತು ಮಾಡಿ ದಾರ ಕಟ್ಟಿಡಿ, ಕೊನೆಗೆ ಕಟ್ಟಲು ಹೋದರೆ ಶಂಖ ಅಡ್ಡ ಬರುತ್ತದೆ. ಬಿಲ್ಲೆಯನ್ನು 60 ಡಿಗ್ರಿಗೊಂದರಂತೆ ಆರು ಗೆರೆ ಎಳೆದು, ಪುಟ್ಟಿಯ ತೆಳುವಾದ ಉಂಗುರ ಹಾಕಿ, ದೊಡ್ಡ ಶಂಖಗಳನ್ನು ಚೂಪು ಹೊರಗಾಗಿ, ಬಾಯಿ ಕೆಳಗಾಗಿ ಒತ್ತಿ. ಎದುರುಬದುರಿನವನ್ನು ಜೋಡಿಯಾಗಿ ಕೂರಿಸುತ್ತಾ ಹೋಗಿ. ಒಂದರ ಪಕ್ಕ ಒಂದರಂತೆ ಸುತ್ತಿ ಬಂದರೆ ಕೊನೆಯದಕ್ಕೆ ಜಾಗ ಸಾಲದೆ ನಕ್ಷತ್ರ ಸೊಟ್ಟಗಾಗುತ್ತದೆ. ಒಂದು ಗಂಟೆ ಬಿಟ್ಟು ಸಂದುಗಳಲ್ಲಿ ಸಣ್ಣವು, ಆಮೇಲೆ ನಡುವಿನದು. 24 ಗಂಟೆ ಅಲುಗಿಸಬೇಡಿ.

ಚೆಂಡಿನದು ಸಹನೆಯ ಕೆಲಸ. 6 ಸೆಂ.ಮೀ. ಥರ್ಮಾಕೋಲ್ ಚೆಂಡಿನ ಮೈ ಸುಮಾರು 113 ಚದರ ಸೆಂ.ಮೀ., ಒಂದೂವರೆ ಸೆಂ.ಮೀ. ಚಿಪ್ಪುಗಳನ್ನು ಹೆಂಚಿನಂತೆ ಹೊದಿಸಿದರೆ 80ರಿಂದ 100 ಬೇಕು. ಚೆಂಡಿಗೆ ಮೊದಲು ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಎರಡು ಕೈ ಬಳಿಯಿರಿ, ಸಂದಿನಲ್ಲಿ ಬಿಳುಪು ಇಣುಕದು, ಸ್ಪ್ರೇಯ ದ್ರಾವಕ ಚೆಂಡನ್ನು ತಿನ್ನದು. ಕೆಳಗಿನಿಂದ ಸಾಲು ಸಾಲಾಗಿ ಮೇಲಕ್ಕೆ ಬನ್ನಿ. ತೂಗುಹಾಕುವ ದಾರ ಚೆಂಡಿನ ನಡುವೆ ತೂರಿ ಅಡಿಯಲ್ಲಿ ಗುಂಡಿ ಕಟ್ಟಿಕೊಂಡಿರಲಿ, ಮೇಲ್ಮೈಗೆ ಅಂಟಿಸಿದ ಕೊಕ್ಕೆ ಈ ಭಾರ ತಾಳದು. ಕೊಂಬೆಯ ತುದಿಗೆ ತೂಗುವುದು 30 ಗ್ರಾಂ ಒಳಗಿದ್ದರೆ ವಾಸಿ, ಚೆಂಡಿನಂಥವು ಕಾಂಡದ ಹತ್ತಿರಕ್ಕೆ. ಗ್ಲೂ ಗನ್ನಿನದನ್ನು ಬಿಸಿಯಾಗುವ ಹಳೇ ಬಲ್ಬಿನ ಪಕ್ಕ ಹಾಕಬೇಡಿ, ಎಲ್‌ಇಡಿಗೆ ತೊಂದರೆಯಿಲ್ಲ.

ಒಂದೂವರೆ ತಿಂಗಳಲ್ಲಿ ಮೊದಲ ವಾರ ತೊಳೆದು ನೆನೆಸಲು, ಎರಡನೆಯದು ಒಣಗಲು, ಮುಂದಿನ ಎರಡು ವಾರ ಕೊರೆದು ಅಂಟಿಸಲು ಇಟ್ಟುಕೊಳ್ಳಿ. ಬಣ್ಣ, ಎಪಾಕ್ಸಿಯ ವಾಸನೆ ಪೂರ್ತಿ ಹೋಗಲು ಇನ್ನೊಂದು ವಾರ ಗಾಳಿಗೆ ಬಿಟ್ಟರೂ ಸಮಯ ಉಳಿಯುತ್ತದೆ.

ಹಬ್ಬ ಮುಗಿದ ಮೇಲೆ ತೆಗೆದಿಡಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಡಬ್ಬ ತೆಗೆದುಕೊಳ್ಳಿ, ತಳದಲ್ಲಿ ಸಾಮಾನ್ಯವಾಗಿ 5 ಎಂಬ ಅಂಕಿಯಿರುತ್ತದೆ. ಪಿವಿಸಿ ಬೇಡ. ಒಂದೊಂದನ್ನೂ ಆಮ್ಲರಹಿತ ಟಿಶ್ಯೂ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಒಂದು ಪೊಟ್ಟಣ ಹಾಕಿ. ಸುದ್ದಿಪತ್ರಿಕೆ, ಹತ್ತಿ ಎರಡೂ ದೂರ. ಅಟ್ಟದ ಬದಲು ಮನೆಯೊಳಗಿನ ಕಪಾಟಿನ ಕೆಳಗಿನ ಖಾನೆ, ಆ ಕಪಾಟು ಮರದ್ದಾದರೂ ಡಬ್ಬದ ಮುಚ್ಚಳ ಬಿಗಿಯಾಗಿದ್ದರೆ ಚಿಂತೆಯಿಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ಮೂಸಿ ನೋಡಿ, ಜೆಲ್ ಬದಲಿಸಿ. ಹುಳಿ ವಾಸನೆ ಬಂದರೆ ಚಿಪ್ಪುಗಳನ್ನು ಹೊರಗೆ ಹರಡಿ ಎರಡು ದಿನ ಗಾಳಿಗೆ ಬಿಡಿ, ಒಳಗೆ ಹಾಕಿದ ಕಾಗದ, ದಾರ, ಪಟ್ಟಿಗಳಲ್ಲಿ ವಾಸನೆ ಯಾವುದರದೆಂದು ಹುಡುಕಿ ಅದನ್ನು ತೆಗೆದ ಮೇಲೆಯೇ ಮತ್ತೆ ತುಂಬಿಡಿ.